ಮೂರು ಗಾಲಿಯ ಕೂಸುಬಂಡಿ

ನಮ್ಮ ಜಾವಳಿಯ ಕಾಫಿ ಬೆಳೆಗಾರರೊಬ್ಬರು ಈ ತಿಂಗಳು ನನ್ನ ಮುಂದೆ ಒಂದು ಪ್ರಶ್ನೆಯನ್ನು ಇಟ್ಟಿರುವರು. ಅವರ ಮಗಳು ಬೆಂಗಳೂರಿನಲ್ಲಿ ಉದ್ಯೋಗಸ್ಥೆ. ಚೊಚ್ಚಲ ಬಾಣಂತನಕ್ಕೆಂದು ತವರಿಗೆ ಬಂದು ನಾಲ್ಕು ತಿಂಗಳಾಗಿವೆ. ಮದುವೆಗೆ ಮುಂಚಿನಿಂದಲೂ ಆಕೆಗೆ ಬೆಳಗಿನ ಹೊತ್ತು ಓಡುವ ಅಭ್ಯಾಸವುಂಟು. ಈಗ ಮೂರು ಗಾಲಿಯ ತಳ್ಳುಬಂಡಿಯೊಂದನ್ನು ತರಿಸಿ, ಕೂಸನ್ನು ಅದರೊಳಗೆ ಕುಳ್ಳಿರಿಸಿ, ತಾನು ಹಿಂದಿನಿಂದ ತಳ್ಳುತ್ತ ಓಡಬೇಕೆಂದು ಆಕೆಯ ಇಚ್ಛೆ. ಸ್ಟ್ರೋಲರ್ ಎಂದು ಅಂಗಡಿಯವರು ಕರೆಯುವ ಆ ಬಂಡಿಯು ದಿನಬಳಕೆಗೂ ಒದಗಬೇಕು, ಮಡಿಸಿದರೆ ಕಾರಿನ ಹಿಂಬದಿಯಲ್ಲಿ ಅಡಗಬೇಕು, ಮುಂದೆ ಬೆಂಗಳೂರಿಗೂ ಹೋಗಬೇಕು. ಇದನ್ನು ಕೇಳಿದ ಅಜ್ಜಿಯು ಗಾಬರಿಗೊಂಡು, “ಕೂಸನ್ನು ಬಂಡಿಗೆ ಹಾಕಿ ಓಡಿಸುವುದುಂಟೆ?” ಎಂದು ಊಟವನ್ನೇ ಬಿಟ್ಟಿರುವರಂತೆ. ಗೃಹಸ್ಥರು ನಡುವೆ ಸಿಕ್ಕಿಕೊಂಡಿರುವರು. ಬಂಡಿಯನ್ನು ಕೊಳ್ಳಬಹುದೇ, ಕೊಳ್ಳುವುದಾದರೆ ಎಂತಹುದನ್ನು, ಎಂಬುದು ಅವರ ಪ್ರಶ್ನೆ.

ಇಬ್ಬರಲ್ಲಿ ಯಾರ ಮಾತೂ ತಳ್ಳಿಹಾಕತಕ್ಕದ್ದಲ್ಲ. ಮೂರು ತಿಂಗಳು ಬಾಣಂತಿಯನ್ನು ಹೊರಗೆ ಬಿಡದೆ ಕಾಪಾಡಿದ ಅಜ್ಜಿಯು ಹೆದರುವುದು ಸಹಜ. ಆದರೆ ಆ ಮಗಳ ಸ್ಥಿತಿಯನ್ನೂ ನೋಡಬೇಕಷ್ಟೆ. ತೋಟದ ಮನೆಯೆಂದರೆ ಒಂದಕ್ಕೊಂದು ಅರ್ಧ ಮೈಲಿ ದೂರ, ಕೂಗಿದರೆ ಓಗೊಡುವವರಿಲ್ಲ. ಮಳೆಗಾಲದಲ್ಲಿ ಹಗಲೆಲ್ಲ ಹಂಚಿನ ಮೇಲಿನ ಸದ್ದನ್ನು ಕೇಳುತ್ತ, ಕೂಸಿನ ಬಟ್ಟೆಯನ್ನು ಹೊಗೆಯ ಮೇಲೆ ಒಣಗಿಸುತ್ತ ಕುಳಿತ ಹೆಣ್ಣಿನ ಮನಸ್ಸು ಎಷ್ಟು ಕುಗ್ಗುವುದೆಂಬುದನ್ನು ಗಂಡಸರು ಯೋಚಿಸುವುದು ಕಡಮೆ. ಹೆರಿಗೆಯ ತರುವಾಯ ಮನಸ್ಸು ಮಂಕಾಗುವುದೂ, ನಡಿಗೆ ವ್ಯಾಯಾಮಗಳಿಂದ ಅದಕ್ಕೆ ಉಪಶಮನ ದೊರೆಯುವುದೂ ವೈದ್ಯರು ಒಪ್ಪಿರುವ ಸಂಗತಿ. ಆದಕಾರಣ ಮಗಳು ಕೇಳುತ್ತಿರುವುದನ್ನು ಬರಿಯ ಶೋಕಿಯೆಂದು ನಾನು ಎಣಿಸಲಾರೆನು. ಮನೆಯಿಂದ ಹೊರಬರುವ ದಾರಿಯೊಂದನ್ನು ಆಕೆಯು ಕೇಳುತ್ತಿರುವಳು.

ಕೂಸಿಗೂ ಬಂಡಿಗೂ ಇರುವ ನಂಟು ಹೊಸದೇನಲ್ಲ. ಶೂದ್ರಕನ ಮೃಚ್ಛಕಟಿಕಕ್ಕೆ ಆ ಹೆಸರು ಬಂದದ್ದೇ ಚಾರುದತ್ತನ ಮಗನಾದ ರೋಹಸೇನನ ಮಣ್ಣಿನ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯೇ ಬೇಕೆಂದು ಅತ್ತ ಆ ಮಗುವಿಗೆ ವಸಂತಸೇನೆಯು ತನ್ನ ಒಡವೆಗಳನ್ನು ತುಂಬಿಕೊಟ್ಟಳು. ಮೂರು ಗಾಲಿಯೂ ಹೊಸದಲ್ಲ. ಅಶ್ವಿನೀದೇವತೆಗಳ ರಥವು ಮೂರು ಚಕ್ರದ್ದೆಂದು ಋಗ್ವೇದವೇ ಹೇಳುತ್ತದೆ. ಅವರು ದೇವವೈದ್ಯರೆಂಬುದನ್ನು ನೆನೆದರೆ ಅಜ್ಜಿಗೆ ಅಷ್ಟಾದರೂ ಸಮಾಧಾನವಾದೀತು! ನಡೆಯಲು ಕಲಿಯುವ ಮಗುವಿಗೆ ಕೊಡುವ ಮೂರು ಗಾಲಿಯ ಮರದ ನಡೆಬಂಡಿಯು ನಮ್ಮ ಹಳೆಯ ಮನೆಗಳಲ್ಲೆಲ್ಲ ಇತ್ತು. ಅಲ್ಲಿ ಮಗುವು ಬಂಡಿಯನ್ನು ತಳ್ಳುವುದು. ಇಲ್ಲಿ ತಾಯಿಯು ತಳ್ಳುವಳು, ಅಷ್ಟೇ ಭೇದ.

ಮಗುವನ್ನು ಕುಳ್ಳಿರಿಸುವ ಬಂಡಿಯು ಇಂಗ್ಲೆಂಡಿನಲ್ಲಿ ಮೊದಲು ಶ್ರೀಮಂತರ ಆಟಿಕೆಯಾಗಿ ಹುಟ್ಟಿತು. ವಿಲಿಯಂ ಕೆಂಟ್ ಎಂಬಾತನು ೧೭೩೩ರಲ್ಲಿ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗೆ ಆಡಿನಿಂದಲೋ ಕುದುರೆಮರಿಯಿಂದಲೋ ಎಳೆಯಿಸುವ ಒಂದು ಗಾಡಿಯನ್ನು ಮಾಡಿಕೊಟ್ಟನೆಂದು ಹೇಳುವರು. ಅದು ಬಡವರ ಮನೆಗೂ ಬರುವಷ್ಟು ಹಗುರವಾದದ್ದು ಬಹುಕಾಲದ ಮೇಲೆ, ಒಬ್ಬ ಅಜ್ಜನ ದೆಸೆಯಿಂದ. ಓವನ್ ಮಕ್ಲಾರೆನ್ ಎಂಬ ನಿವೃತ್ತ ವಿಮಾನಶಿಲ್ಪಿಯು ಯುದ್ಧವಿಮಾನದ ಚಕ್ರಗಳು ಒಳಕ್ಕೆ ಮಡಚಿಕೊಳ್ಳುವ ಏರ್ಪಾಡಿನಲ್ಲಿ ಕೆಲಸಮಾಡಿದವನು. ಅಮೆರಿಕದಿಂದ ಬಂದ ತನ್ನ ಮಗಳು ಮೊಮ್ಮಗುವಿನ ಭಾರವಾದ ಗಾಡಿಯೊಡನೆ ಹೆಣಗುವುದನ್ನು ಕಂಡು, ಕೊಡೆಯಂತೆ ಮಡಚುವ, ಮೂರು ಕಿಲೋಗ್ರಾಮಿಗೂ ಕಡಮೆ ತೂಕದ ಅಲ್ಯೂಮಿನಿಯಂ ಬಂಡಿಯನ್ನು ೧೯೬೫ರಲ್ಲಿ ರಚಿಸಿದನು. ಓಟದ ಬಂಡಿಯಾದರೋ ಅಮೆರಿಕದ ಪತ್ರಕರ್ತನಾದ ಫಿಲ್ ಬೆಕ್ಲರ್ ಎಂಬ ತಂದೆಯಿಂದ ಬಂದದ್ದು. ಮಗುವನ್ನು ಬಿಟ್ಟು ಓಡಲಾಗದೆ, ಸಾಮಾನ್ಯ ಬಂಡಿಯೊಡನೆ ಓಡಲೂ ಆಗದೆ, ಆತನು ಅದಕ್ಕೆ ಸೈಕಲ್ಲಿನ ಚಕ್ರಗಳನ್ನು ಜೋಡಿಸಿದನು. ೧೯೮೪ರಲ್ಲಿ ಅದು ವ್ಯಾಪಾರಕ್ಕೆ ಬಂದಿತು. ಈ ಎರಡು ಚರಿತ್ರೆಗಳನ್ನು ಹೇಳಿದ್ದು ವಿನೋದಕ್ಕಲ್ಲ. ಒಬ್ಬನು ಬಂಡಿಯನ್ನು ಹಗುರ ಮಾಡಲು ಚಕ್ರವನ್ನು ಚಿಕ್ಕದು ಮಾಡಿದನು. ಇನ್ನೊಬ್ಬನು ಓಡಲೆಂದು ಚಕ್ರವನ್ನು ದೊಡ್ಡದು ಮಾಡಿದನು. ಅಡಕವೂ ಓಟವೂ ಎರಡು ಬೇರೆ ದಿಕ್ಕುಗಳಿಗೆ ಎಳೆಯುವ ಎತ್ತುಗಳು. ಎರಡನ್ನೂ ಒಂದೇ ನೊಗಕ್ಕೆ ಕಟ್ಟಿದ್ದೇವೆಂದು ಅಂಗಡಿಯವನು ಹೇಳಿದಾಗ ಗ್ರಾಹಕನು ಚಕ್ರವನ್ನು ನೋಡತಕ್ಕದ್ದು.

ಮೂರು ಗಾಲಿ ಏತಕ್ಕೆ? ಒಲೆಗೆ ಮೂರು ಗುಂಡು ಏತಕ್ಕೆ ಇಡುತ್ತಿದ್ದರೋ ಅದಕ್ಕೇ. ನೆಲವು ಎಷ್ಟೇ ಅಂಕುಡೊಂಕಾಗಿದ್ದರೂ ಮೂರು ಕಾಲುಗಳು ಏಕಕಾಲಕ್ಕೆ ನೆಲವನ್ನು ಮುಟ್ಟಿಯೇ ಇರುವುವು. ನಾಲ್ಕನೆಯದು ಸೇರಿದೊಡನೆ ಕುಂಟಾಟವು ಮೊದಲಾಗುವುದು. ಮುಂದೆ ಒಂದೇ ಗಾಲಿಯಿದ್ದರೆ ತಿರುಗಿಸುವುದೂ ಸುಲಭ. ಆದರೆ ಇದಕ್ಕೊಂದು ಪ್ರತಿಫಲವುಂಟು. ಮುಂಗಾಲಿಗೂ ಹಿಂದಿನ ಒಂದು ಗಾಲಿಗೂ ನಡುವೆ ಗೆರೆಯೆಳೆದರೆ, ಭಾರವು ಆ ಗೆರೆಯನ್ನು ದಾಟಿದ ಕೂಡಲೇ ಬಂಡಿಯು ಪಕ್ಕಕ್ಕೆ ಉರುಳುವುದು. ನಾಲ್ಕು ಗಾಲಿಯದಕ್ಕೆ ಮುಂಭಾಗದಲ್ಲಿ ಇರುವ ಅಗಲವು ಇದಕ್ಕಿಲ್ಲ. ಆದ್ದರಿಂದ ಹಿಂಗಾಲಿಗಳು ಸಾಕಷ್ಟು ಅಗಲವಾಗಿಯೂ ಆಸನವು ತಗ್ಗಾಗಿಯೂ ಇರುವ ಬಂಡಿಯೇ ಲೇಸು. ಹಿಡಿಕೆಗೆ ಸಂತೆಯ ಚೀಲವನ್ನು ತೂಗುಹಾಕುವ ಅಭ್ಯಾಸವನ್ನಂತೂ ಮೊದಲ ದಿನವೇ ನಿಷೇಧಿಸಬೇಕು. ಕೂಸನ್ನು ಎತ್ತಿಕೊಂಡ ಕ್ಷಣದಲ್ಲಿ ಬಂಡಿಯು ಹಿಂದಕ್ಕೆ ಬೀಳುವುದು, ಇಲ್ಲವೇ ಇಳಿಜಾರಿನಲ್ಲಿ ಕೂಸಿನೊಡನೆಯೇ ಬೀಳುವುದು. ಸಾಮಾನಿಗೆ ಆಸನದ ಕೆಳಗೆ ಬುಟ್ಟಿಯಿದೆ.

ಮೂರು ಗಾಲಿಯುಳ್ಳದ್ದೆಲ್ಲ ಓಟದ ಬಂಡಿಯಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ; ಏಕೆಂದರೆ ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ. ಪೇಟೆಯಲ್ಲಿ ಎಂಟು ಹತ್ತು ಕಿಲೋಗ್ರಾಮಿನ, ಚಿಕ್ಕ ಗಟ್ಟಿ ಚಕ್ರಗಳ, ನೋಟಕ್ಕೆ ಚುರುಕಾದ ಮೂರು ಗಾಲಿಯ ಬಂಡಿಗಳು ಬೇಕಾದಷ್ಟುಂಟು. ಇವುಗಳ ಕೈಪಿಡಿಯಲ್ಲಿಯೇ ಇದರೊಡನೆ ಓಡಕೂಡದೆಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವುದುಂಟು. ನಿಜವಾದ ಓಟದ ಬಂಡಿಗೆ ಮುಂದಿನ ಚಕ್ರವು ಸುಮಾರು ೧೨ ಅಂಗುಲ, ಹಿಂದಿನವು ೧೬ ಅಂಗುಲ ಇರುವುದು ವಾಡಿಕೆ. ಟೈರಿನಲ್ಲಿ ಗಾಳಿಯಿರುವುದು, ಹಿಂದೆ ಸ್ಪ್ರಿಂಗು ಇರುವುದು, ತೂಕವು ಹತ್ತರಿಂದ ಹದಿನಾಲ್ಕು ಕಿಲೋಗ್ರಾಮು.

ಚಕ್ರದ ದೊಡ್ಡತನವು ಏಕೆ ಬೇಕೆಂಬುದನ್ನು ಹಳೆಯ ಅಭ್ಯಾಸಬಲದಿಂದ ಲೆಕ್ಕಮಾಡಿ ತೋರಿಸುವೆನು. ನಮ್ಮ ತೋಟದ ದಾರಿಯಲ್ಲಿ ಒಂದು ಅಂಗುಲ ಎತ್ತರದ ಕಲ್ಲೆಂಬುದು ಹೆಜ್ಜೆಗೊಂದು. ಆರು ಅಂಗುಲ ವ್ಯಾಸದ ಚಕ್ರವು ನಿಂತಲ್ಲಿಂದ ಅಂಥ ಕಲ್ಲನ್ನು ಹತ್ತಬೇಕಾದರೆ, ಆ ಚಕ್ರದ ಮೇಲೆ ಎಷ್ಟು ಭಾರವಿದೆಯೋ ಅದಕ್ಕಿಂತಲೂ ತುಸು ಹೆಚ್ಚಾದ ಬಲದಿಂದ ಮುಂದಕ್ಕೆ ನೂಕಬೇಕು. ಹನ್ನೆರಡು ಅಂಗುಲದ ಚಕ್ರಕ್ಕೆ ಆ ಭಾರದ ಮೂರರಲ್ಲಿ ಎರಡು ಪಾಲು ಬಲವು ಸಾಕು. ಓಡುತ್ತಿರುವಾಗ ಈ ಬಲವೆಲ್ಲ ಪೆಟ್ಟಾಗಿ ಬಂಡಿಗೆ ತಗಲುವುದು. ಚಿಕ್ಕ ಚಕ್ರವು ಕಲ್ಲಿಗೆ ಸಿಕ್ಕಿ ತಟಕ್ಕನೆ ನಿಂತರೆ ಓಡುತ್ತಿದ್ದ ತಾಯಿಯು ನಿಲ್ಲಲಾರಳು, ಬಂಡಿಯು ಮುಗ್ಗರಿಸುವುದು. ಅಜ್ಜಿಯು ಹೆದರಿದ್ದು ಇದಕ್ಕೇ ಆಗಿದ್ದರೆ ಆಕೆಯ ಗಣಿತವು ಸರಿಯಾಗಿಯೇ ಇದೆ.

ಗಾಳಿಯ ಟೈರಿನಲ್ಲಿ ತೊಂದರೆಯಿಲ್ಲವೆನ್ನಲಾರೆನು. ಮುಳ್ಳು ಚುಚ್ಚೀತು, ಗಾಳಿಯು ಇಳಿದೀತು. ನಮ್ಮ ಸಾಧಾರಣ ಸೈಕಲ್ಲಿನ ಪಂಪು ಈ ಟ್ಯೂಬುಗಳ ಬಾಯಿಗೆ ಅನೇಕವೇಳೆ ಹೊಂದದು; ಇವುಗಳ ವಾಲ್ವು ಮೋಟಾರುಸೈಕಲ್ಲಿನ ಜಾತಿಯದು. ಎಷ್ಟು ಗಾಳಿಯನ್ನು ತುಂಬಬೇಕೆಂಬುದು ಟೈರಿನ ಪಕ್ಕದಲ್ಲಿಯೇ ಅಚ್ಚಾಗಿರುವುದು. ಮೋಟಾರಿಗೆ ಗಾಳಿ ಹಾಕುವ ಅಂಗಡಿಯ ಯಂತ್ರದಿಂದ ಒಮ್ಮೆಗೇ ಊದಿಸಿದರೆ ಸಣ್ಣ ಟೈರು ಒಡೆದೀತು. ಮೂಡಿಗೆರೆಯಲ್ಲಿ ಆ ಅಳತೆಯ ಟ್ಯೂಬು ದೊರೆಯುವುದೋ ಇಲ್ಲವೋ ಎಂಬುದನ್ನು ಕೊಳ್ಳುವ ಮುಂಚೆ ವಿಚಾರಿಸಿ, ಒಂದೆರಡನ್ನು ಬಂಡಿಯೊಡನೆಯೇ ತರಿಸಿಟ್ಟುಕೊಳ್ಳುವುದು ಜಾಣತನ. ಪಂಚರಾಗದ ಗಟ್ಟಿ ರಬ್ಬರಿನ ಅಥವಾ ನೊರೆರಬ್ಬರಿನ ಚಕ್ರಗಳು ನಡಿಗೆಗೆ ಸಾಕು; ಕಲ್ಲುದಾರಿಯ ಓಟಕ್ಕೆ ಅವು ಕೂಸಿನ ಎಲುಬಿಗೆ ಸುದ್ದಿಯನ್ನು ಮುಟ್ಟಿಸುತ್ತಲೇ ಇರುವುವು.

ಎಲ್ಲಕ್ಕಿಂತ ಮುಖ್ಯವಾದುದು ಮುಂಗಾಲಿ. ದಿನಬಳಕೆಯಲ್ಲಿ ಅದು ಸುತ್ತಲೂ ತಿರುಗುವಂತಿರಬೇಕು. ಇಲ್ಲವಾದರೆ ಬಾಗಿಲಲ್ಲಿ, ಅಂಗಡಿಯಲ್ಲಿ, ಪ್ರತಿ ತಿರುವಿನಲ್ಲಿಯೂ ಬಂಡಿಯ ಮೂತಿಯನ್ನು ಎತ್ತಿ ಹೊರಳಿಸಬೇಕಾಗುವುದು. ಓಡುವಾಗಲಾದರೋ ಅದೇ ಸ್ವಾತಂತ್ರ್ಯವು ಅಪಾಯಕರ. ವೇಗವು ಏರಿದಂತೆ ತಿರುಗುವ ಗಾಲಿಯು ಗಡಗಡನೆ ನಡುಗುವುದು. ಒಂದು ಕಲ್ಲು ತಗುಲಿದರೆ ಅಡ್ಡಡ್ಡಲಾಗಿ ನಿಲ್ಲುವುದು. ಆದ್ದರಿಂದ ನೇರಕ್ಕೆ ಬಿಗಿದು ನಿಲ್ಲಿಸುವ ಬೀಗವು ಮುಂಗಾಲಿಗೆ ಇರಲೇಬೇಕು. ಎರಡು ಬಗೆಯ ಕೆಲಸಕ್ಕೆ ಒಂದೇ ಬಂಡಿಯು ಬೇಕೆನ್ನುವವರಿಗೆ ಈ ಬೀಗವೇ ಕೀಲಕ. ಬಿಗಿದ ಮೇಲೆ ಸಮನೆಲದಲ್ಲಿ ಬಂಡಿಯನ್ನು ಮೆಲ್ಲನೆ ನೂಕಿ, ಹತ್ತು ಹೆಜ್ಜೆಯಲ್ಲಿ ಎಡಕ್ಕೋ ಬಲಕ್ಕೋ ಎಳೆಯುವುದೇ ಎಂದು ನೋಡಬೇಕು. ಎಳೆದರೆ ಸರಿಪಡಿಸುವ ತಿರುಪು ಒಳ್ಳೆಯ ಬಂಡಿಗಳಲ್ಲಿ ಇರುವುದು.

ಸಾಗಿಸುವ ಅನುಕೂಲಕ್ಕಾಗಿ ಮುಂಗಾಲಿಯನ್ನು ಥಟ್ಟನೆ ಕಳಚುವ ಸನ್ನೆಯೂ ಅನೇಕ ಬಂಡಿಗಳಲ್ಲಿ ಉಂಟು. ಇಂಥದ್ದೊಂದರ ವಿಷಯದಲ್ಲಿ ಅಮೆರಿಕದ ಗ್ರಾಹಕವಸ್ತು ಸುರಕ್ಷಾ ಆಯೋಗವು ೨೦೧೮ರಲ್ಲಿ ತಯಾರಕರ ಮೇಲೆ ವ್ಯಾಜ್ಯವನ್ನೇ ಹೂಡಿತು. ನಡೆಯುತ್ತಿರುವಾಗಲೋ ಓಡುತ್ತಿರುವಾಗಲೋ ಗಾಲಿಯು ಕಳಚಿತೆಂದು ಸುಮಾರು ೨೦೦ ದೂರುಗಳು ಬಂದಿದ್ದವು. ಮಕ್ಕಳಿಗೂ ದೊಡ್ಡವರಿಗೂ ಗಾಯಗಳಾಗಿದ್ದವು. ಸನ್ನೆಯನ್ನು ಸರಿಯಾಗಿ ಮುಚ್ಚದಿದ್ದುದೇ ಕಾರಣವೆಂದು ಒಂದು ಪಕ್ಷ, ಸರಿಯಾಗಿ ಮುಚ್ಚಲು ಕಷ್ಟವಾಗುವಂತೆ ಮಾಡಿದ್ದೇ ಕಾರಣವೆಂದು ಇನ್ನೊಂದು ಪಕ್ಷ. ನಮಗೆ ಆ ವಾದವೇಕೆ? ಹೊರಡುವ ಮುನ್ನ ಪ್ರತಿಸಲವೂ ಮುಂಗಾಲಿಯನ್ನು ಎತ್ತಿ ಹಿಡಿದು, ಅಲುಗಿಸಿ, ಕೆಳಕ್ಕೆ ಎಳೆದು ನೋಡಲು ಅರ್ಧ ನಿಮಿಷವೂ ಬೇಡ. ಮಡಿಸಿ ಕಾರಿನಲ್ಲಿ ಹಾಕಿ ತಂದ ದಿನವಂತೂ ತಪ್ಪಿಸಲೇಕೂಡದು.

ಇನ್ನು ತಡೆಯ ವಿಚಾರ. ಹೇಮಾವತಿಯು ಹುಟ್ಟುವ ಊರು ನಮ್ಮದು. ನದಿಯು ಹುಟ್ಟುವಲ್ಲಿ ಸಮತಟ್ಟಾದ ನೆಲವನ್ನು ಹುಡುಕುವುದು ಹೇಗೆ? ಹತ್ತು ಅಡಿ ಹೋಗುವುದರೊಳಗೆ ಒಂದು ಅಡಿ ಇಳಿಯುವ ದಾರಿಗಳು ಇಲ್ಲಿ ಸಾಮಾನ್ಯ. ಹನ್ನೆರಡು ಕಿಲೋಗ್ರಾಮಿನ ಬಂಡಿ, ಒಂಬತ್ತು ಕಿಲೋಗ್ರಾಮಿನ ಕೂಸು. ಅಂಥ ಇಳಿಜಾರಿನಲ್ಲಿ ಅದು ಕೈಯನ್ನು ಎಳೆಯುವುದು ಎರಡು ಕಿಲೋಗ್ರಾಮಿನ ತೂಕದಷ್ಟು ಮಾತ್ರ. ಇಷ್ಟೇ ತಾನೆ, ಎನ್ನಿಸುವುದು. ಆದರೆ ಕೈಯು ಒಮ್ಮೆ ಜಾರಿದರೆ, ನಿಂತಿದ್ದ ಬಂಡಿಯು ಐದು ಸೆಕೆಂಡಿನಲ್ಲಿ ಹತ್ತು ಮೀಟರಿನಷ್ಟು ಹೋಗಿರುವುದು. ಆ ಹೊತ್ತಿಗೆ ಅದರ ವೇಗವು ಸಾಧಾರಣ ಓಟಗಾರ್ತಿಯ ವೇಗವನ್ನು ಮೀರಿರುವುದು. ಓಡಿ ಹಿಡಿಯುವೆನೆಂಬ ಧೈರ್ಯವು ಬೇಡ. ಇದಕ್ಕೆ ಮೂರು ಉಪಾಯಗಳು ಬಂಡಿಯಲ್ಲಿರಬೇಕು. ನಿಲ್ಲಿಸಿದಾಗ ಎರಡು ಹಿಂಗಾಲಿಗಳನ್ನೂ ಒಟ್ಟಿಗೆ ಹಿಡಿಯುವ ಕಾಲಿನ ಬ್ರೇಕು. ಇಳಿಜಾರಿನಲ್ಲಿ ವೇಗವನ್ನು ತಗ್ಗಿಸಲು ಹಿಡಿಕೆಯಲ್ಲಿಯೇ ಸೈಕಲ್ಲಿನಂಥ ಕೈಬ್ರೇಕು. ತಾಯಿಯ ಮಣಿಕಟ್ಟಿಗೂ ಹಿಡಿಕೆಗೂ ಕಟ್ಟುವ ಒಂದು ಪಟ್ಟಿ. ಮೊದಲನೆಯದು ಎಲ್ಲ ಬಂಡಿಗಳಲ್ಲಿಯೂ ಇದೆ. ಎರಡನೆಯದು ಎಲ್ಲದರಲ್ಲಿಯೂ ಇಲ್ಲ; ಬಯಲುಸೀಮೆಯವರು ಅದಿಲ್ಲದೆ ನಡೆಸಿಕೊಂಡಾರು, ಮಲೆನಾಡಿನವರು ಅದಕ್ಕಾಗಿ ಹೆಚ್ಚು ಹಣವನ್ನು ಕೊಟ್ಟರೂ ನಷ್ಟವಿಲ್ಲ. ಮೂರನೆಯದಾದ ಪಟ್ಟಿಯನ್ನು ಅನೇಕರು ಗೋಜೆಂದು ಬಿಚ್ಚಿಡುವರು. ನಿಲ್ಲಿಸುವಾಗ ಬ್ರೇಕಿನ ಜತೆಗೆ ಬಂಡಿಯನ್ನು ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿ ನಿಲ್ಲಿಸುವುದನ್ನೂ ರೂಢಿಮಾಡಿಕೊಳ್ಳಬೇಕು.

ಅಡಕದ ಮಾತಿಗೆ ಬರುವೆನು. ಅಂಗಡಿಯಲ್ಲಿ ಒಂದು ಕೈಯಿಂದ ಬಂಡಿಯನ್ನು ಮಡಿಸಿ ತೋರಿಸುವರು, ನೋಡಲು ಇಂದ್ರಜಾಲದಂತಿರುವುದು. ಕೊಳ್ಳುವವರು ಮನೆಯಿಂದ ಹೊರಡುವಾಗಲೇ ಎರಡು ಅಳತೆಗಳನ್ನು ಬರೆದುಕೊಂಡು ಹೋಗಬೇಕು: ತಲೆಬಾಗಿಲಿನ ಅಗಲ ಮತ್ತು ಕಾರಿನ ಹಿಂಬದಿಯ ಉದ್ದ ಅಗಲ ಎತ್ತರ. ಓಟದ ಬಂಡಿಯ ಹಿಂಗಾಲಿಗಳ ಅಗಲವು ಎರಡು ಅಡಿಗೂ ಹೆಚ್ಚಿರಬಹುದು. ನಮ್ಮ ಹಳೆಯ ಮನೆಗಳ ಒಳಬಾಗಿಲುಗಳು ತಲೆಯನ್ನೂ ಹೆಗಲನ್ನೂ ಬಗ್ಗಿಸಿಯೇ ಒಳಹೋಗುವಂಥವು. ಹೊಸ್ತಿಲ ಎತ್ತರವನ್ನೂ ಮರೆಯಕೂಡದು. ಮಡಿಸಿದ ಬಂಡಿಯನ್ನು ಕಾರಿಗೆ ಎತ್ತುವವರು ಯಾರು? ಬಾಣಂತಿಯೇ ಎತ್ತಬೇಕಾದರೆ ಹದಿನಾಲ್ಕು ಕಿಲೋಗ್ರಾಮು ಅಲ್ಪವಲ್ಲ. ಚಕ್ರಗಳನ್ನು ಕಳಚಿದರೆ ಅಡಕವಾಗುವುದು ನಿಜ. ಆದರೆ ದಿನಕ್ಕೆರಡು ಸಲ ಚಕ್ರವನ್ನು ಕಳಚಿ ಜೋಡಿಸುವ ಬಂಡಿಯು ಹದಿನೈದನೆಯ ದಿನಕ್ಕೆ ಅಟ್ಟಕ್ಕೆ ಸೇರುವುದು. ಮಡಿಸುವ ಕೀಲುಗಳ ಹತ್ತಿರ ಮಗುವಿನ ಬೆರಳು ಸಿಗದಂತೆ, ಮಗುವನ್ನು ದೂರದಲ್ಲಿ ಕುಳ್ಳಿರಿಸಿಯೇ ಬಿಚ್ಚುವುದೂ ಮಡಿಸುವುದೂ.

ಆದಕಾರಣ ನನ್ನ ಅಭಿಪ್ರಾಯವು ಹೀಗಿದೆ. ವಾರಕ್ಕೆ ಮೂರು ನಾಲ್ಕು ದಿನ ನಿಜವಾಗಿಯೂ ಓಡುವ ತಾಯಿಯಾದರೆ, ಅಡಕದ ಆಸೆಯನ್ನು ಸ್ವಲ್ಪ ಬಿಟ್ಟು ಓಟದ ಬಂಡಿಯನ್ನೇ ಕೊಳ್ಳಲಿ. ಅದು ನಡಿಗೆಗೂ ಒದಗುವುದು, ಕೆಟ್ಟ ರಸ್ತೆಗಂತೂ ಅದೇ ಯೋಗ್ಯ. ಎಂದಾದರೊಮ್ಮೆ ಓಡಿಯೇನು ಎನ್ನುವವಳಾದರೆ ಹಗುರವಾದ ಸಣ್ಣ ಬಂಡಿಯನ್ನು ಕೊಂಡು, ಓಟಕ್ಕೆ ಹೋಗುವಾಗ ಕೂಸನ್ನು ಅಜ್ಜಿಯ ಮಡಿಲಿಗೆ ಕೊಡಲಿ. ಚಿಕ್ಕ ಚಕ್ರದ ಬಂಡಿಯನ್ನು ಕೊಂಡು ಅದರೊಡನೆಯೇ ಓಡುವ ಮಧ್ಯಮಮಾರ್ಗವೊಂದು ಮಾತ್ರ ಬೇಡ. ನಮ್ಮ ಬೆಳೆಗಾರರ ಮಗಳು ಮೊದಲನೆಯ ವರ್ಗದವಳೆಂದು ಕೇಳಿದ್ದೇನೆ. ಬೆಲೆಯು ಹತ್ತಾರು ಸಾವಿರ ರೂಪಾಯಿ ಆಗುವುದರಿಂದ ಬಳಸಿದ ಬಂಡಿಯನ್ನು ಕೊಂಡರೂ ತಪ್ಪಿಲ್ಲ. ಕೈಪಿಡಿಯು ಜತೆಗಿರಲಿ, ಪಟ್ಟಿಗಳ ಹೊಲಿಗೆಯು ಬಿಟ್ಟಿರದಿರಲಿ, ಆ ಮಾದರಿಯನ್ನು ತಯಾರಕರು ದೋಷಕ್ಕಾಗಿ ಹಿಂದಕ್ಕೆ ಕರೆದಿದ್ದರೇ ಎಂಬುದನ್ನು ಮಗಳು ತನ್ನ ಫೋನಿನಲ್ಲಿಯೇ ನೋಡಲಿ.

ಕೊಂಡ ಮಾತ್ರಕ್ಕೆ ಮಾರನೆಯ ದಿನವೇ ಓಡಲಾಗದು. ಕೂಸಿಗೆ ಕನಿಷ್ಠ ಆರು ತಿಂಗಳು ತುಂಬಿ, ಕತ್ತು ನಿಂತು, ಆಸರೆಯಿಲ್ಲದೆ ತಲೆಯನ್ನು ಹಿಡಿಯುವ ತನಕ ಬಂಡಿಯಲ್ಲಿಟ್ಟು ಓಡಕೂಡದೆಂಬುದು ಶಿಶುವೈದ್ಯರ ಮಾತು. ಕೆಲವು ತಯಾರಕರು ಎಂಟು ತಿಂಗಳೆಂದೇ ಹೇಳುವರು. ತಮ್ಮ ಕೂಸಿಗೆ ಯಾವುದು ಹೊಂದುವುದೆಂದು ನೋಡಿದ ವೈದ್ಯರನ್ನೇ ಕೇಳುವುದು ಮೇಲು. ಅಲ್ಲಿಯವರೆಗೆ ನಡಿಗೆ ಮಾತ್ರ. ಅದೂ ಎಳೆಗೂಸಾದರೆ ಬೆನ್ನು ಪೂರ್ತಿ ಚಪ್ಪಟೆಯಾಗಿ ಮಲಗುವ ಆಸನವಿದ್ದರೆ. ತಾಯಿಯ ವಿಷಯದಲ್ಲಿ ಒಂದು ಸ್ವಾರಸ್ಯವನ್ನು ಹೇಳಬೇಕು. ಬ್ರಿಟನ್ನಿನ ಮೂವರು ಅಂಗಚಿಕಿತ್ಸಕರು ೨೦೧೯ರಲ್ಲಿ ಪ್ರಕಟಿಸಿದ ಮಾರ್ಗದರ್ಶಿಯು, ಹೆರಿಗೆಯಾದ ಹನ್ನೆರಡು ವಾರಗಳೊಳಗೆ ಓಟಕ್ಕೆ ಮರಳುವುದು ಯುಕ್ತವಲ್ಲವೆಂದೂ, ಆಮೇಲೂ ಪರೀಕ್ಷೆ ಮಾಡಿಸಿಕೊಂಡು ಮೆಲ್ಲಮೆಲ್ಲನೆ ಮೊದಲುಮಾಡಬೇಕೆಂದೂ ಹೇಳಿತು. ಹನ್ನೆರಡು ವಾರವೆಂದರೆ ಮೂರು ತಿಂಗಳು. ಅಜ್ಜಿಯು ಯಾವ ಗ್ರಂಥವನ್ನೂ ಓದದೆ ಮಗಳನ್ನು ಒಳಗೆ ಇರಿಸಿಕೊಂಡದ್ದು ಅಷ್ಟೇ ಕಾಲ!

ಕುಳ್ಳಿರಿಸಿದಾಗ ಪಟ್ಟಿಯು ಐದು ಕಡೆ ಹಿಡಿಯಬೇಕು: ಎರಡು ಹೆಗಲು, ಎರಡು ಸೊಂಟದ ಪಕ್ಕ, ಒಂದು ಕಾಲುಗಳ ನಡುವೆ. ಸೊಂಟಕ್ಕೆ ಮಾತ್ರ ಬಿಗಿಯುವುದು ಸಾಲದು. ಬಿಸಿಲೆಂದು ಬಂಡಿಯ ಮೇಲೆ ಸೀರೆಯನ್ನೋ ಟವಲನ್ನೋ ಪೂರ್ತಿ ಹೊದಿಸುವವರನ್ನು ಕಂಡಿದ್ದೇನೆ. ಒಳಗೆ ಗಾಳಿಯಾಡದೆ ಸೆಕೆಯು ಬೇಗನೆ ಏರುವುದು. ಮಳೆಯ ಪ್ಲಾಸ್ಟಿಕ್ ಹೊದಿಕೆಗೂ ಇದೇ ಮಾತು. ಮಳೆ ನಿಂತೊಡನೆ ತೆಗೆಯತಕ್ಕದ್ದು.

ಎಲ್ಲಿ ಓಡಬೇಕು? ಕೊಟ್ಟಿಗೆಹಾರದ ಕಡೆಯ ಡಾಂಬರು ರಸ್ತೆಯಲ್ಲಂತೂ ಸರ್ವಥಾ ಬೇಡ. ತಿರುವಿನಿಂದ ತಿರುವಿಗೆ ಮುಂದಿನದು ಕಾಣದು, ಪಕ್ಕದಲ್ಲಿ ಕಾಲುದಾರಿಯಿಲ್ಲ, ಮಂಜು ಮುಸುಕಿದರೆ ಬಸ್ಸಿನ ದೀಪವೂ ಹತ್ತಿರ ಬಂದ ಮೇಲೆಯೇ ಕಾಣುವುದು. ಬಂಡಿಯಾದರೋ ತಾಯಿಗಿಂತ ಮುಂದಾಗಿ ತಿರುವನ್ನು ಪ್ರವೇಶಿಸುವುದು. ತೋಟದ ಮನೆಯವರಿಗೆ ದೈವದತ್ತವಾದ ಓಟದ ಮೈದಾನವೊಂದುಂಟು, ಅದೇ ಕಾಫಿಯ ಕಣ. ಗಟ್ಟಿಮಾಡಿದ ಸಮನೆಲ, ವಾಹನದ ಭಯವಿಲ್ಲ, ಅಜ್ಜಿಯು ಜಗಲಿಯಲ್ಲಿ ಕುಳಿತು ಪ್ರತಿ ಸುತ್ತನ್ನೂ ನೋಡಬಹುದು. ಸುತ್ತಿದ್ದನ್ನೇ ಸುತ್ತುವುದು ಗಾಣದೆತ್ತಿನ ಕೆಲಸವೆಂದು ಮಗಳು ಗೊಣಗಿದರೆ ಗೊಣಗಲಿ. ಬಂಡಿಯ ಗುಣವನ್ನು ಅರಿಯಲು ಮೊದಲ ತಿಂಗಳು ಅದೇ ಯೋಗ್ಯಸ್ಥಳ. ಕೊಯ್ಲಿನ ತಿಂಗಳುಗಳಲ್ಲಿ ಕಣವು ಕಾಫಿಯ ವಶವಾಗುವುದು. ಆ ದಿನಗಳಲ್ಲಿ ದಾರಿಯು ಒಣಗಿರುವುದರಿಂದ ತೋಟದೊಳಗಿನ ಜೀಪಿನ ದಾರಿಯು ಒದಗೀತು. ಜೂನಿನಿಂದ ಸೆಪ್ಟೆಂಬರಿನವರೆಗೆ ಪಾಚಿ, ಕೊಳೆತ ಎಲೆ, ಜಿಗಣೆ, ಈ ಮೂವರು ಸೇರಿ ಓಟವನ್ನು ನಿಷೇಧಿಸಿರುವರು. ಆಗ ಚಾವಡಿಯಲ್ಲಿ ನಡಿಗೆಯೇ ಗತಿ. ಬೆಂಗಳೂರಿಗೆ ಮರಳಿದ ಮೇಲೆ ಲಾಲ್‌ಬಾಗಿನ ಅಗಲವಾದ ದಾರಿಗಳಿವೆ.

ಓಟದ ಬಂಡಿಯಲ್ಲಿ ಮಗುವು ಮುಂದಕ್ಕೆ ಮುಖಮಾಡಿ ಕೂರುವುದು. ತಾಯಿಯ ಮುಖವು ಅದಕ್ಕೆ ಕಾಣದು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸುಜಾನ್ ಝೀಡಿಕ್ ಎಂಬ ವಿದುಷಿಯು ೨೦೦೮ರಲ್ಲಿ ಪ್ರಕಟಿಸಿದ ಪರಿಶೀಲನೆಯಲ್ಲಿ, ತಮ್ಮ ಕಡೆಗೆ ಮುಖಮಾಡಿ ಕುಳಿತ ಮಕ್ಕಳೊಡನೆ ತಾಯಿತಂದೆಗಳು ಹೆಚ್ಚು ಮಾತನಾಡುವರೆಂದು ಕಂಡುಬಂದಿತು. ಮೂವತ್ತು ವರ್ಷಗಳಿಗೂ ಹೆಚ್ಚಾಗಿ ಮಕ್ಕಳಿಗೆ ಮಾತನ್ನು ಕಲಿಸಿದವನಿಗೆ ಇದು ಸಣ್ಣ ವಿಷಯವಲ್ಲ. ಹತ್ತು ನಿಮಿಷಕ್ಕೊಮ್ಮೆ ನಿಂತು, ಬ್ರೇಕನ್ನು ಹಾಕಿ, ಮುಂದೆ ಬಂದು ಕುಕ್ಕರಿಸಿ, ಕೂಸಿನೊಡನೆ ನಾಲ್ಕು ಮಾತನಾಡಿದರೆ ತಾಯಿಗೂ ಉಸಿರು ಹಿಂದಿರುಗುವುದು. ಅಷ್ಟರಲ್ಲಿ ಅದರ ಕೈಕಾಲು ತಣ್ಣಗಾಗಿವೆಯೇ ಎಂದೂ ನೋಡಿದಂತಾಗುವುದು. ತಾಯಿಯು ಓಡಿ ಬೆವತಿರುವಳು. ಕೂಸಾದರೋ ಕದಲದೆ ಕುಳಿತು ಎದುರುಗಾಳಿಗೆ ಒಡ್ಡಿಕೊಂಡಿರುವುದು. ನಮ್ಮ ಡಿಸೆಂಬರಿನ ಬೆಳಗಿಗೆ ಕುಲಾವಿಯೂ ಕಾಲುಚೀಲವೂ ಬೇಕು.

ಒದ್ದೆಯಾದ ಬಂಡಿಯನ್ನು ಮಡಿಸಿಡಕೂಡದು. ಈ ಸೀಮೆಯ ತೇವದಲ್ಲಿ ಒಂದು ವಾರಕ್ಕೆ ಬಟ್ಟೆಗೆ ಬೂಷ್ಟು ಹಿಡಿಯುವುದು. ಬಿಚ್ಚಿಯೇ ಒಣಗಲಿಟ್ಟು, ಮಣ್ಣನ್ನು ಒರೆಸಿ, ತಿಂಗಳಿಗೊಮ್ಮೆ ಅಚ್ಚುಗಳಿಗೆ ಒಂದು ತೊಟ್ಟು ಎಣ್ಣೆಯನ್ನು ಬಿಡಬೇಕು. ಕೊಬ್ಬರಿ ಎಣ್ಣೆಯನ್ನಲ್ಲ, ಅದು ಚಳಿಗೆ ಹೆಪ್ಪುಗಟ್ಟುವುದು. ಹೊಲಿಗೆಯಂತ್ರದ ಎಣ್ಣೆಯು ಎಲ್ಲ ಮನೆಗಳಲ್ಲಿಯೂ ಇದ್ದೇ ಇರುವುದು.